ಇರುಳ ಯಾತ್ರಿಕರ ಮುದ್ರಿತ ಅಂಗಿ: ಬೆಳಕನ್ನು ಮರಳಿಸುವ ಬಗೆ



ಚೈತ್ರ ಹುಣ್ಣಿಮೆ ಹನುಮ ಜಯಂತಿಯ ದಿನ. ಅದರ ಹಿಂದಿನ ರಾತ್ರಿ ಛತ್ರಪತಿ ಸಂಭಾಜಿನಗರದಿಂದ ಖುಲ್ದಾಬಾದಿಗೆ ಹೋಗುವ ರಸ್ತೆಯನ್ನು ಒಮ್ಮೆ ನೋಡಿದವರು ಮರೆಯಲಾರರು. ಭದ್ರಾ ಮಾರುತಿಯ ದರ್ಶನಕ್ಕಾಗಿ ಅಸಂಖ್ಯ ಜನರು ಸುಮಾರು 25 ಕಿಲೋಮೀಟರ್ ದೂರವನ್ನು ರಾತ್ರಿಯಿಡೀ ನಡೆದು, ಬೆಳಗಾಗುವ ಹೊತ್ತಿಗೆ ಗುಡಿಯ ಬಾಗಿಲಲ್ಲಿ ನಿಲ್ಲುತ್ತಾರೆ. ದೌಲತಾಬಾದಿನ ಕೋಟೆಯ ಪಕ್ಕದಲ್ಲಿ ಸಾಗುವ ಇದೇ ದಾರಿ ಮುಂದೆ ಎಲ್ಲೋರಕ್ಕೆ, ನಮ್ಮ ರಾಷ್ಟ್ರಕೂಟರ ಕೈಲಾಸನಾಥ ದೇಗುಲಕ್ಕೆ ಹೋಗುತ್ತದೆ. ನಾಶಿಕದ ಕಡೆಗೆ ಬಂದರೆ ಅಲ್ಲಿಯೂ ಇಂಥದೇ ದೃಶ್ಯ. ಶ್ರಾವಣದ ಮೂರನೆಯ ಸೋಮವಾರಕ್ಕೆಂದು ಭಾನುವಾರ ರಾತ್ರಿಯೇ ಭಕ್ತರು ತ್ರ್ಯಂಬಕೇಶ್ವರಕ್ಕೆ ಬಂದು ಸೇರಿ, ಮಳೆಯಲ್ಲಿ ನೆನೆಯುತ್ತ ಬ್ರಹ್ಮಗಿರಿಯ ಪ್ರದಕ್ಷಿಣೆ ಮಾಡುತ್ತಾರೆ. ಶೀಗೀ ಹುಣ್ಣಿಮೆಗೆ ಹೆಗಲ ಮೇಲೆ ತೀರ್ಥದ ಕಾವಡಿ ಹೊತ್ತವರು ವಣಿಯ ಸಪ್ತಶೃಂಗಿ ಬೆಟ್ಟದ ಕಡೆಗೆ ನಡೆಯುತ್ತಾರೆ. ಆಷಾಢ ಏಕಾದಶಿಗೆಂದು ತ್ರ್ಯಂಬಕೇಶ್ವರದಿಂದ ನಿವೃತ್ತಿನಾಥರ ಪಲ್ಲಕ್ಕಿಯೂ ಪೈಠಣದಿಂದ ಏಕನಾಥರ ಪಲ್ಲಕ್ಕಿಯೂ ಪಂಢರಪುರದತ್ತ ಹೊರಡುತ್ತವೆ. ಬಿಸಿಲೇರುವ ಮೊದಲು ದೂರ ಕ್ರಮಿಸಬೇಕೆಂದು ದಿಂಡಿಗಳು ನಸುಕಿನ ಕತ್ತಲಲ್ಲೇ ಹೆದ್ದಾರಿಗೆ ಇಳಿಯುವುದು ವಾಡಿಕೆ.

ಈ ಯಾತ್ರೆಗಳಲ್ಲಿ ಕಳೆದ ಕೆಲವು ವರ್ಷಗಳಿಂದ ಒಂದು ಹೊಸ ರೂಢಿ ಬಂದಿದೆ. ಪ್ರತಿಯೊಂದು ತಂಡವೂ, ಪ್ರತಿಯೊಂದು ತರುಣ ಮಂಡಳವೂ ತನ್ನದೇ ಹೆಸರು, ದೇವರ ಚಿತ್ರ, ವರ್ಷ ಇವುಗಳನ್ನು ಅಚ್ಚು ಹಾಕಿಸಿದ ಟೀ ಶರ್ಟುಗಳನ್ನು ಧರಿಸಿ ನಡೆಯುತ್ತದೆ. ನಾಶಿಕದ ಸಾತಪುರ, ಅಂಬಡ, ಸಂಭಾಜಿನಗರದ ವಾಳೂಜ, ಚಿಕಲಠಾಣಾ ಮೊದಲಾದ ಕೈಗಾರಿಕಾ ಪ್ರದೇಶಗಳ ಕಾರ್ಮಿಕರೂ ತಮ್ಮ ತಮ್ಮ ತಂಡಗಳಿಗೆ ಇಂಥ ಅಂಗಿಗಳನ್ನು ಮಾಡಿಸುತ್ತಾರೆ. ನಮ್ಮ ಬೀದರ, ಕಲಬುರಗಿ, ವಿಜಯಪುರ ಜಿಲ್ಲೆಗಳಿಂದ ತುಳಜಾಪುರಕ್ಕೂ ಪಂಢರಪುರಕ್ಕೂ ನಡೆದು ಹೋಗುವವರು, ಯುಗಾದಿಗೆ ಶ್ರೀಶೈಲಕ್ಕೆ ಹೊರಡುವವರು, ಶಿವರಾತ್ರಿಗೆ ಚಾರ್ಮಾಡಿ ಘಾಟಿ ಇಳಿದು ಧರ್ಮಸ್ಥಳಕ್ಕೆ ಬರುವವರು, ಇವರಲ್ಲಿಯೂ ಈ ರೂಢಿ ಬೇರೂರುತ್ತಿದೆ. ಇಂಥ ಅಂಗಿಯ ಮೇಲೆ, ವಾಹನದ ದೀಪಕ್ಕೆ ಹೊಳೆಯುವ ಚಿತ್ರವನ್ನು ಸೇರಿಸುವ ಕೆಲಸದ ಬಗ್ಗೆ ಈ ದಿನ ನಾನು ಮಾತನಾಡಬಯಸುತ್ತೇನೆ. ವಿಷಯ ಚಿಕ್ಕದೆಂದು ತೋರಬಹುದು. ಆದರೆ ಕೇಂದ್ರ ರಸ್ತೆ ಸಾರಿಗೆ ಮತ್ತು ಹೆದ್ದಾರಿ ಸಚಿವಾಲಯದ ವರದಿಯ ಪ್ರಕಾರ 2022ನೆಯ ಇಸವಿಯಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ ಮಡಿದ 1,68,491 ಜನರ ಪೈಕಿ 32,825 ಮಂದಿ ಪಾದಚಾರಿಗಳು. ದಿನವೊಂದಕ್ಕೆ ಹೆಚ್ಚುಕಡಿಮೆ ತೊಂಬತ್ತು ಜನ. ಅವರೆಲ್ಲರೂ ರಾತ್ರಿಯಲ್ಲಿ ಸತ್ತವರಲ್ಲ ಎಂಬುದು ನಿಜ. ಆದರೆ ಕತ್ತಲಲ್ಲಿ ನಡೆಯುವವನಿಗೆ ಅಪಾಯ ಹೆಚ್ಚೆಂಬುದರಲ್ಲಿ ಸಂದೇಹವಿಲ್ಲ.

ಆ ಅಪಾಯದ ಲೆಕ್ಕವನ್ನು ನಾವೇ ಹಾಕಿ ನೋಡಬಹುದು. ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಬರುವ ವಾಹನ ಒಂದು ಸೆಕೆಂಡಿಗೆ 22 ಮೀಟರ್ ದೂರ ಸಾಗುತ್ತದೆ. ಎದುರಿಗೆ ಏನೋ ಇದೆಯೆಂದು ಚಾಲಕನು ಕಂಡು, ಅದು ಮನುಷ್ಯನೆಂದು ತಿಳಿದು, ಬ್ರೇಕಿನ ಮೇಲೆ ಕಾಲಿಡುವಷ್ಟರಲ್ಲಿ ಎರಡು ಸೆಕೆಂಡು ಕಳೆಯುತ್ತವೆ; ಅಂದರೆ 44 ಮೀಟರ್ ಹೋಯಿತು. ಬ್ರೇಕು ಹಿಡಿದ ಬಳಿಕ ಒಣಗಿದ ಒಳ್ಳೆಯ ರಸ್ತೆಯಲ್ಲಿಯೂ ವಾಹನ ನಿಲ್ಲಲು ಮತ್ತೆ 35 ಮೀಟರಿಗಿಂತ ಹೆಚ್ಚು ಬೇಕು. ಒಟ್ಟು ಸುಮಾರು 80 ಮೀಟರ್. ತಗ್ಗಿಸಿದ ದೀಪದ ಬೆಳಕಿನಲ್ಲಿ ಕಪ್ಪು ಅಂಗಿ ತೊಟ್ಟ ಪಾದಚಾರಿಯು ಅನೇಕ ವೇಳೆ 30, 40 ಮೀಟರ್ ಸಮೀಪಕ್ಕೆ ಬಂದ ಮೇಲೆಯೇ ಗೋಚರಿಸುತ್ತಾನೆ. ಅಂದಮೇಲೆ ಚಾಲಕನು ಎಷ್ಟೇ ಎಚ್ಚರಿಕೆಯುಳ್ಳವನಾಗಿದ್ದರೂ ಆ ವೇಗದಲ್ಲಿ ಪ್ರಯೋಜನವಿಲ್ಲ. ಇಲ್ಲಿ ಒಂದು ಮಾತು ಹೇಳಬೇಕು: ವಾರಕರಿ ಹಿರಿಯರ ಬಿಳಿಯ ಧೋತರ, ಬಿಳಿಯ ಅಂಗಿ, ಬಿಳಿಯ ಟೋಪಿ ಇವು ಕಪ್ಪು ಟೀ ಶರ್ಟಿಗಿಂತ ಎಷ್ಟೋ ಮೇಲು. ಚೆಂದವೆಂದು ಕಪ್ಪನ್ನು ಆರಿಸಿಕೊಂಡ ತರುಣರು ಹಿರಿಯರಿಗಿದ್ದ ಅನುಕೂಲವನ್ನು ಕಳೆದುಕೊಂಡಿದ್ದಾರೆ.

ಯಾತ್ರಿಕನಿಗೆ ಈ ಅಪಾಯ ಅರಿವಾಗದಿರುವುದಕ್ಕೂ ಕಾರಣವಿದೆ. ಅವನಿಗೆ ವಾಹನದ ದೀಪಗಳು ಅರ್ಧ ಕಿಲೋಮೀಟರಿನಿಂದಲೇ ಕಾಣುತ್ತವೆ. ನನಗೆ ಅವನು ಕಾಣುತ್ತಿರುವಾಗ ಅವನಿಗೆ ನಾನೂ ಕಾಣುತ್ತಿರಬೇಕೆಂದು ಅವನು ಸಹಜವಾಗಿ ನಂಬುತ್ತಾನೆ. ಹುಣ್ಣಿಮೆಯ ರಾತ್ರಿಗಳಲ್ಲಂತೂ ಈ ಭ್ರಮೆ ಇನ್ನೂ ಹೆಚ್ಚು. ಬೆಳದಿಂಗಳು ನಡೆಯುವವನಿಗೆ ದಾರಿಯನ್ನು ತೋರಿಸುತ್ತದೆಯೇ ಹೊರತು, ದೀಪದ ಹಿಂದೆ ಕುಳಿತ ಚಾಲಕನಿಗೆ ನಡೆಯುವವನನ್ನು ತೋರಿಸುವುದಿಲ್ಲ.

ಇನ್ನು ಹೊಳೆಯುವುದೆಂದರೇನು ಎಂಬುದನ್ನು ಸ್ವಲ್ಪ ವಿಚಾರಿಸೋಣ. ಹೊಳೆಯುವ ಬಟ್ಟೆಯನ್ನು ತಯಾರಿಸುವುದರಲ್ಲಿ ಈ ಎರಡು ಜಿಲ್ಲೆಗಳು ಯಾರಿಗೂ ಕಡಿಮೆಯಿಲ್ಲ. ಪೈಠಣಿ ಸೀರೆಗೆ ಹೆಸರು ಕೊಟ್ಟ ಪೈಠಣ ಸಂಭಾಜಿನಗರ ಜಿಲ್ಲೆಯಲ್ಲಿದೆ. ಇಂದು ಆ ನೇಯ್ಗೆಯ ದೊಡ್ಡ ನೆಲೆಯಾದ ಯೇವಲಾ ನಾಶಿಕ ಜಿಲ್ಲೆಯಲ್ಲಿದೆ. ಆ ಸೀರೆಯ ಜರಿಯ ಸೆರಗು ದೀಪದ ಮುಂದೆ ಝಗಝಗಿಸುತ್ತದೆ. ನಮ್ಮ ಸಂಡೂರಿನ ಲಂಬಾಣಿ ಹೆಣ್ಣುಮಕ್ಕಳ ಕಸೂತಿಯಲ್ಲಿನ ಕನ್ನಡಿ ಬಿಲ್ಲೆಗಳೂ ಹಾಗೆಯೇ. ಆದರೆ ಜರಿಯಾಗಲಿ ಕನ್ನಡಿಯಾಗಲಿ ತನ್ನ ಮೇಲೆ ಬಿದ್ದ ಬೆಳಕನ್ನು ಗೋಡೆಗೆ ಓರೆಯಾಗಿ ಎಸೆದ ಚೆಂಡಿನಂತೆ ಬೇರೊಂದು ದಿಕ್ಕಿಗೆ ಕಳುಹಿಸುತ್ತದೆ. ಚಾಲಕನ ಕಣ್ಣಿಗೆ ಅದು ಬರುವುದು ಆಕಸ್ಮಿಕವಾಗಿ ಮಾತ್ರ. ಸಾಧಾರಣ ಬಟ್ಟೆ ಬೆಳಕನ್ನು ಎಲ್ಲ ದಿಕ್ಕಿಗೂ ಚೆಲ್ಲುತ್ತದೆ; ಹಾಗಾಗಿ ಚಾಲಕನಿಗೆ ಮರಳುವ ಪಾಲು ಅತ್ಯಲ್ಪ. ನಮಗೆ ಬೇಕಾದದ್ದು ಮೂರನೆಯ ಬಗೆ: ಬೆಳಕು ಎಲ್ಲಿಂದ ಬಂತೋ ಆ ಕಡೆಗೇ ಅದನ್ನು ಮರಳಿಸುವ ಬಗೆ. ರಾತ್ರಿ ರಸ್ತೆಯಲ್ಲಿ ಮಲಗಿದ ದನದ ಕಣ್ಣುಗಳು ವಾಹನದ ದೀಪಕ್ಕೆ ಕೆಂಡದಂತೆ ಹೊಳೆಯುವುದನ್ನು ನೀವೆಲ್ಲ ನೋಡಿದ್ದೀರಿ. ಇಂಗ್ಲೆಂಡಿನ ಪರ್ಸಿ ಶಾ ಎಂಬಾತನು 1934ರಲ್ಲಿ ಹಕ್ಕುಸ್ವಾಮ್ಯ ಪಡೆದ ರಸ್ತೆಯ ಗುರುತುಗಳಿಗೆ ಬೆಕ್ಕಿನ ಕಣ್ಣು ಎಂದು ಹೆಸರು ಬಂದದ್ದು ಈ ಗುಣದಿಂದಲೇ.

ಬಟ್ಟೆಯ ಮೇಲೆ ಈ ಕೆಲಸವನ್ನು ಮಾಡುವುದು ಗಾಜಿನ ಅತಿ ಸಣ್ಣ ಮಣಿಗಳು. ಒಂದೊಂದರ ವ್ಯಾಸ ಒಂದು ಮಿಲಿಮೀಟರಿನ ಇಪ್ಪತ್ತನೆಯ ಒಂದು ಭಾಗದಷ್ಟು. ಸಾಮಾನ್ಯ ಗಾಜಿಗಿಂತ ಬೆಳಕನ್ನು ಹೆಚ್ಚು ಬಾಗಿಸುವ ವಿಶೇಷ ಗಾಜಿನಿಂದ ಅವನ್ನು ಮಾಡುತ್ತಾರೆ. ಮಣಿಯ ಮುಂಭಾಗದಿಂದ ಒಳಹೊಕ್ಕ ಬೆಳಕು ಅದರ ಬೆನ್ನಿನ ಮೇಲೆ ಒಂದು ಬಿಂದುವಿನಲ್ಲಿ ಕೂಡುತ್ತದೆ. ಅಲ್ಲಿ ಲೇಪಿಸಿರುವ ಅಲ್ಯುಮಿನಿಯಂ ಪದರ ಅದನ್ನು ಮರಳಿಸುತ್ತದೆ. ಬಂದ ದಾರಿಯಲ್ಲೇ ಬೆಳಕು ಹೊರಬೀಳುತ್ತದೆ. ಹಗಲಿನಲ್ಲಿ ಇಂಥ ಮುದ್ರಣ ಬರಿಯ ಬೂದುಬಣ್ಣವಾಗಿ ಕಾಣುವುದು ಈ ಅಲ್ಯುಮಿನಿಯಂನಿಂದಲೇ.

ಅಂಗಡಿಗಳಲ್ಲಿ ಇದನ್ನು 'ರೇಡಿಯಂ' ಎನ್ನುತ್ತಾರೆ. ಕನ್ನಡದಲ್ಲಿಯೂ ಮರಾಠಿಯಲ್ಲಿಯೂ ಅದೇ ಮಾತು. ಕ್ಯೂರಿ ದಂಪತಿಗಳು 1898ರಲ್ಲಿ ಕಂಡುಹಿಡಿದ ರೇಡಿಯಂ ಧಾತುವಿಗೂ ಇದಕ್ಕೂ ಯಾವ ಸಂಬಂಧವೂ ಇಲ್ಲ. ಹಿಂದೆ ಗಡಿಯಾರದ ಮುಳ್ಳುಗಳಿಗೆ ರೇಡಿಯಂ ಬೆರೆಸಿದ ಬಣ್ಣ ಬಳಿಯುತ್ತಿದ್ದುದರಿಂದ ಆ ಹೆಸರು ಕತ್ತಲಲ್ಲಿ ಕಾಣುವ ಎಲ್ಲ ವಸ್ತುಗಳಿಗೂ ಅಂಟಿಕೊಂಡಿದೆ. ಹೆಸರಿನ ಬಗ್ಗೆ ನನ್ನ ತಕರಾರಿಲ್ಲ. ಆದರೆ ಒಂದೇ ಹೆಸರಿನಡಿ ಮೂರು ನಾಲ್ಕು ಬೇರೆ ಬೇರೆ ಸಾಮಾನು ಮಾರಾಟವಾಗುವುದು ಮಾತ್ರ ತೊಂದರೆಯ ಸಂಗತಿ. ಹಗಲ ಬೆಳಕನ್ನು ಹೀರಿ ಕತ್ತಲಲ್ಲಿ ಹಸಿರಾಗಿ ಮಿನುಗುವ ಶಾಯಿ ಒಂದು; ಅದು ಕೋಣೆಯಲ್ಲಿ ಚೆಂದ, ಹೆದ್ದಾರಿಯಲ್ಲಿ ನಿರುಪಯುಕ್ತ. ಹಗಲಿನಲ್ಲಿ ಕಣ್ಣು ಕೋರೈಸುವ ಹಳದಿ, ಕಿತ್ತಳೆ ಬಣ್ಣದ ಫ್ಲೋರೊಸೆಂಟ್ ಶಾಯಿ ಇನ್ನೊಂದು; ಮುಸ್ಸಂಜೆಯವರೆಗೆ ಅದರಷ್ಟು ಒಳ್ಳೆಯದಿಲ್ಲ, ಕತ್ತಲಾದೊಡನೆ ಅದರ ವಿಶೇಷ ಗುಣ ಮಾಯವಾಗುತ್ತದೆ. ಬೆಳ್ಳಿಬಣ್ಣದ ಶಾಯಿ ಮತ್ತೊಂದು. ಅದರಲ್ಲಿರುವುದು ಲೋಹದ ಪುಡಿ ಮಾತ್ರ, ಮಣಿಗಳಿಲ್ಲ.

ಈ ಕೊನೆಯ ಶಾಯಿಯ ಬಗ್ಗೆ ನನ್ನ ಅನುಭವವೊಂದನ್ನು ಹೇಳಬಹುದು. ಸಂಭಾಜಿನಗರದ ಒಂದು ಸಣ್ಣ ಸ್ಕ್ರೀನ್ ಪ್ರಿಂಟಿಂಗ್ ಮಳಿಗೆಗೆ ಹೋಗಿದ್ದೆ. ಬೀದರದ ಕಡೆಯಿಂದ ಬಂದು ನೆಲಸಿದವರದು. 1956ರವರೆಗೆ ಬೀದರವೂ ಆಗಿನ ಔರಂಗಾಬಾದೂ ಒಂದೇ ಹೈದರಾಬಾದ್ ರಾಜ್ಯದಲ್ಲಿದ್ದುದರಿಂದ ಆ ಊರಿನಲ್ಲಿ ಕನ್ನಡ ಕಿವಿಗೆ ಬಿದ್ದರೆ ಆಶ್ಚರ್ಯಪಡಬೇಕಾಗಿಲ್ಲ. ಯಾತ್ರೆಗೆಂದು ಅಚ್ಚು ಹಾಕಿ ಒಣಗಲು ಬಿಟ್ಟಿದ್ದ ಕಪ್ಪು ಅಂಗಿಗಳನ್ನು ಮಾಲೀಕರು ಅಭಿಮಾನದಿಂದ ತೋರಿಸಿದರು. ಬೆಳ್ಳಿಯ ಬಣ್ಣದ ಮಾರುತಿ ಬೆನ್ನ ತುಂಬ ಹರಡಿದ್ದ. ಅಂಗಡಿಯ ದೀಪ ಆರಿಸಿ, ಬ್ಯಾಟರಿಯನ್ನು ಕಣ್ಣಿನ ಪಕ್ಕಕ್ಕೆ ಹಿಡಿದು ಇಪ್ಪತ್ತು ಹೆಜ್ಜೆ ದೂರದಿಂದ ಬೆಳಕು ಬಿಟ್ಟೆವು. ಅಂಗಿಯ ಮೇಲೆ ಏನೂ ಕಾಣಲಿಲ್ಲ. "ಸಾಹೇಬ್ರ, ಹಗಲಾಗ ಇಷ್ಟು ಮಿಂಚತೈತ್ರಿ, ರಾತ್ರ್ಯಾಗ ಯಾಕ ಕಾಣವಲ್ದು?" ಎಂದು ಅವರು ನಿಜವಾದ ಬೇಸರದಿಂದ ಕೇಳಿದರು. ಅವರು ಮೋಸ ಮಾಡಿದವರಲ್ಲ. ಶಾಯಿ ಕೊಟ್ಟವನ ಮಾತನ್ನು ನಂಬಿದವರು. ಈ ಬ್ಯಾಟರಿಯ ಪರೀಕ್ಷೆಯನ್ನು ಪ್ರತಿಯೊಬ್ಬ ಗಿರಾಕಿಯೂ ಮಾಡಬಹುದು. ಬೆಳಕನ್ನು ಕಣ್ಣಿನ ಪಕ್ಕದಲ್ಲೇ ಹಿಡಿಯಬೇಕೆಂಬುದು ಮುಖ್ಯ. ಸೊಂಟದ ಬಳಿ ಹಿಡಿದರೆ ಒಳ್ಳೆಯ ಸಾಮಾನೂ ಮಂಕಾಗಿಯೇ ಕಾಣುತ್ತದೆ, ಏಕೆಂದರೆ ಬೆಳಕು ಕೈಗೆ ಮರಳುತ್ತದೆ, ಕಣ್ಣಿಗಲ್ಲ. ಎತ್ತರದ ಆಸನದಲ್ಲಿ ಕುಳಿತ ಲಾರಿಯ ಚಾಲಕನಿಗೆ ಕಾರಿನ ಚಾಲಕನಷ್ಟು ಹೊಳಪು ಕಾಣದಿರುವುದಕ್ಕೂ ಇದೇ ಕಾರಣ: ಅವನ ಕಣ್ಣು ದೀಪದಿಂದ ಹೆಚ್ಚು ದೂರದಲ್ಲಿರುತ್ತದೆ.

ಈಗ ಅಚ್ಚಿನ ಕೆಲಸಕ್ಕೆ ಬರೋಣ. ಸ್ಕ್ರೀನ್ ಮುದ್ರಣದ ಮೂಲ ವಿಧಾನ ನಿಮಗೆ ತಿಳಿದದ್ದೇ. ಚೌಕಟ್ಟಿಗೆ ಬಿಗಿದ ಜಾಲರಿ ಬಟ್ಟೆ, ಅದರ ಮೇಲೆ ಚಿತ್ರದ ಭಾಗವನ್ನು ಬಿಟ್ಟು ಉಳಿದುದನ್ನು ಮುಚ್ಚುವ ಲೇಪನ, ರಬ್ಬರಿನ ಸ್ಕ್ವೀಜಿಯಿಂದ ಎಳೆದಾಗ ತೆರೆದ ಕಣ್ಣುಗಳಿಂದ ಕೆಳಗಿಳಿಯುವ ಶಾಯಿ. ಬೆಳಕು ಮರಳಿಸುವ ಚಿತ್ರವನ್ನು ಇದರ ಮೇಲೆ ಸೇರಿಸಲು ಎರಡು ಮಾರ್ಗಗಳಿವೆ.

ಮೊದಲನೆಯದು ಮಣಿಗಳನ್ನು ಬೆರೆಸಿದ ಶಾಯಿಯನ್ನೇ ನೇರವಾಗಿ ಅಚ್ಚು ಹಾಕುವುದು. ಇದಕ್ಕೆ ಹೊಸ ಯಂತ್ರ ಬೇಕಿಲ್ಲ. ಇರುವ ಮೇಜು, ಇರುವ ಕೈ ಸಾಕು. ಆದರೆ ಜಾಲರಿ ಬೇರೆಯಾಗಬೇಕು. ಜಾಲರಿಯ ಕಣ್ಣು ಮಣಿಯ ವ್ಯಾಸದ ಮೂರು ಪಟ್ಟಾದರೂ ಇರಬೇಕೆಂಬುದು ಮುದ್ರಕರ ಲೆಕ್ಕ. ಅಂಗುಲಕ್ಕೆ 110 ಎಳೆಗಳ ಆಸುಪಾಸಿನ ದೊರಗು ಜಾಲರಿ ಇದಕ್ಕೆ ಸರಿ. ನಯವಾದ ಚಿತ್ರಗಳಿಗೆ ಬಳಸುವ ಒತ್ತು ಜಾಲರಿಯಲ್ಲಿ ಶಾಯಿಯ ದ್ರವ ಇಳಿದು ಮಣಿಗಳು ಮೇಲೆಯೇ ಉಳಿಯುತ್ತವೆ. ಅಂಗಿಗೆ ಬೂದುಬಣ್ಣ ಬರುತ್ತದೆ, ಹೊಳಪು ಬರುವುದಿಲ್ಲ. ಗಾಜು ಭಾರವಾದುದರಿಂದ ಡಬ್ಬಿಯ ತಳದಲ್ಲಿ ಕೂರುತ್ತದೆ. ಕೆಲಸದ ನಡುನಡುವೆ ಕಲಕದಿದ್ದರೆ ಮೊದಲ ಹತ್ತು ಅಂಗಿ ಒಂದು ರೀತಿ, ಕೊನೆಯ ಹತ್ತು ಇನ್ನೊಂದು ರೀತಿ. ಬೇರೆ ಬಣ್ಣಗಳಿದ್ದರೆ ಅವನ್ನೆಲ್ಲ ಮೊದಲು ಮುಗಿಸಿ ಇದನ್ನು ಕಟ್ಟಕಡೆಗೆ ಹಾಕಬೇಕು. ಇದರ ಮೇಲೆ ಇನ್ನೊಂದು ಬಣ್ಣ ಬಿದ್ದರೆ ಮಣಿಗಳ ಕಣ್ಣು ಮುಚ್ಚಿದಂತೆ. ಶಾಯಿ ತಯಾರಕರು ಹೇಳಿದ ಶಾಖದಲ್ಲಿ, ಹೇಳಿದಷ್ಟು ಹೊತ್ತು ಬೇಯಿಸಬೇಕು. ಹಬ್ಬದ ಅವಸರದಲ್ಲಿ ಅರೆಬೆಂದ ಶಾಯಿ ಎರಡನೆಯ ಒಗೆತಕ್ಕೆ ಉದುರಿ ಹೋದ ಉದಾಹರಣೆಗಳು ಪ್ರತಿ ಊರಿನಲ್ಲಿಯೂ ಸಿಗುತ್ತವೆ.

ಇಷ್ಟೆಲ್ಲ ಎಚ್ಚರ ವಹಿಸಿದರೂ ಈ ಶಾಯಿಗೆ ಒಂದು ಹುಟ್ಟುಗುಣದ ಮಿತಿ ಇದೆ. ಮಣಿಗಳ ಒಂದು ಪಕ್ಕಕ್ಕೆ ಮಾತ್ರ ಲೋಹದ ಲೇಪವಿರುತ್ತದೆ. ಶಾಯಿಯಲ್ಲಿ ಅವು ಹೇಗೆ ಬೇಕೋ ಹಾಗೆ ಹೊರಳಿ ಬೀಳುತ್ತವೆ. ಲೇಪದ ಬೆನ್ನು ಬಟ್ಟೆಯ ಕಡೆಗೆ, ಬರಿಯ ಗಾಜು ಹೊರಗಡೆಗೆ ಬಿದ್ದವು ಕೆಲಸಕ್ಕೆ ಬರುತ್ತವೆ. ತಿರುಗಿ ಬಿದ್ದವು ವ್ಯರ್ಥ. ಆದ್ದರಿಂದ ಶಾಯಿಯ ಹೊಳಪು ಒಳ್ಳೆಯ ಪಟ್ಟಿಯ ಹೊಳಪಿನ ಸಮೀಪಕ್ಕೂ ಬರಲಾರದು.

ಎರಡನೆಯ ಮಾರ್ಗ ಶಾಖದಿಂದ ಅಂಟಿಸುವುದು. ಇಲ್ಲಿ ಮಣಿಗಳನ್ನು ಕಾರ್ಖಾನೆಯಲ್ಲಿಯೇ ಒಂದು ತೆಳುವಾದ ಹಾಳೆಯ ಮೇಲೆ ಒತ್ತೊತ್ತಾಗಿ ಕೂರಿಸಿ, ಅವುಗಳ ತೆರೆದ ಬೆನ್ನಿಗೆ ಲೋಹದ ಆವಿಯನ್ನು ಹಿಡಿಸಿರುತ್ತಾರೆ. ಎಲ್ಲ ಮಣಿಗಳೂ ಸೈನಿಕರ ಸಾಲಿನಂತೆ ಒಂದೇ ಕಡೆ ಮುಖ ಮಾಡಿರುತ್ತವೆ. ಮುದ್ರಕನು ಆ ಹಾಳೆಯ ಬೆನ್ನಿನ ಮೇಲೆ, ಶಾಯಿಯ ಬದಲು ಅಂಟನ್ನು ಸ್ಕ್ರೀನಿನಿಂದ ಅಚ್ಚು ಹಾಕುತ್ತಾನೆ. ಚಿತ್ರ ಕನ್ನಡಿಯಲ್ಲಿ ಕಂಡಂತೆ ತಿರುವುಮುರುವಾಗಿರಬೇಕು. ಅಂಟಿನ ಮೇಲೆ ಕರಗುವ ಪುಡಿಯನ್ನು ಉದುರಿಸಿ ಒಣಗಿಸಿ, ಅಂಗಿಯ ಮೇಲೆ ಮಗುಚಿ, ಹೀಟ್ ಪ್ರೆಸ್ಸಿನಲ್ಲಿ ಒತ್ತಿ, ಹಾಳೆಯನ್ನು ಬಿಡಿಸಿದರೆ ಅಂಟು ಇದ್ದಷ್ಟು ಜಾಗದಲ್ಲಿ ಮಾತ್ರ ಮಣಿಗಳು ಉಳಿಯುತ್ತವೆ. ಇನ್ನೂ ಸುಲಭವಾದ ದಾರಿಯೆಂದರೆ, ಅಂಟು ಸಹಿತವಾಗಿಯೇ ಬರುವ ಹಾಳೆಯನ್ನು ಕಟಿಂಗ್ ಪ್ಲಾಟರಿನಲ್ಲಿ ಬೇಕಾದ ಆಕಾರಕ್ಕೆ ಕತ್ತರಿಸಿ ಒತ್ತುವುದು. ವಾಹನಗಳ ಮೇಲೆ ಹೆಸರು ಅಂಟಿಸುವ ರೇಡಿಯಂ ಅಂಗಡಿಗಳಲ್ಲಿ ಆ ಯಂತ್ರ ಇದ್ದೇ ಇರುತ್ತದೆ. ಮುದ್ರಕನೂ ರೇಡಿಯಂ ಅಂಗಡಿಯವನೂ ಕೈಜೋಡಿಸಿದರೆ ಇಬ್ಬರಿಗೂ ಲಾಭ. ಬಹುಪಾಲು ಹಾಳೆಗಳಿಗೆ 150 ಡಿಗ್ರಿ ಸೆಲ್ಸಿಯಸಿನ ಆಸುಪಾಸಿನ ಶಾಖ, ಹತ್ತು ಹದಿನೈದು ಸೆಕೆಂಡುಗಳ ಒತ್ತಡ ಸಾಕು. ಆಟಗಾರರು ತೊಡುವಂಥ ಪಾಲಿಯೆಸ್ಟರ್ ಅಂಗಿಯಾದರೆ ಇಷ್ಟು ಶಾಖಕ್ಕೆ ಬಟ್ಟೆಯ ಬಣ್ಣ ಬಿಟ್ಟು ಮೇಲಕ್ಕೆ ಏರುವ ಭಯವಿದೆ. ಕಡಿಮೆ ಶಾಖದ ಹಾಳೆಯನ್ನು ಕೇಳಿ ತರಿಸಿ, ಒಂದು ತುಂಡಿನ ಮೇಲೆ ಪ್ರಯೋಗಿಸಿ ನೋಡುವುದು ಒಳ್ಳೆಯದು. ಖರ್ಚು ಶಾಯಿಗಿಂತ ಹೆಚ್ಚು ಬೀಳುತ್ತದೆ. ನನ್ನನ್ನು ಕೇಳಿದರೆ ಚಿತ್ರವನ್ನು ಸಾಧಾರಣ ಶಾಯಿಯಲ್ಲಿ ಹಾಕಿ, ಬೆಳಕು ಮರಳಿಸುವ ಭಾಗವನ್ನು ಮಾತ್ರ ಹಾಳೆಯಲ್ಲಿ ಮಾಡಿಸಿರಿ ಎನ್ನುತ್ತೇನೆ.

ಆ ಭಾಗ ಯಾವುದಾಗಿರಬೇಕೆಂಬುದೇ ಚಿತ್ರ ಬರೆಯುವವರು ಹೆಚ್ಚಾಗಿ ಎಡವುವ ವಿಷಯ. ತಂಡದ ಹೆಸರೇ ಹೊಳೆಯಲಿ ಎಂದು ಎಲ್ಲರಿಗೂ ಆಸೆ. ಆದರೆ ನೂರು ಮೀಟರ್ ದೂರದಿಂದ ಅಕ್ಷರವೊಂದು ಓದಲು ಬರಬೇಕಾದರೆ ಅದರ ಗೆರೆಯ ದಪ್ಪ ಸುಮಾರು ಮೂರು ಸೆಂಟಿಮೀಟರ್ ಇರಬೇಕು; ಆರೋಗ್ಯವಂತ ಕಣ್ಣಿನ ಶಕ್ತಿ ಅಷ್ಟೇ. ಅಂಗಿಯ ಮೇಲೆ ಅಂಥ ಅಕ್ಷರಗಳು ಎಷ್ಟು ಹಿಡಿಸಿಯಾವು? ಚಾಲಕನಿಗೆ ಹೆಸರು ತಿಳಿಯುವ ಅಗತ್ಯವೂ ಇಲ್ಲ. ಮನುಷ್ಯನಿದ್ದಾನೆಂದು ತಿಳಿದರೆ ಸಾಕು. ಕೂದಲೆಳೆಯಂಥ ಗೆರೆಗಳು ಹೊಳಪನ್ನೂ ಕೊಡುವುದಿಲ್ಲ, ಒಗೆತಕ್ಕೂ ನಿಲ್ಲುವುದಿಲ್ಲ. ಅಗಲವಾದ ಪಟ್ಟಿಗಳು, ತುಂಬಿದ ಆಕಾರಗಳು, ಉದಾಹರಣೆಗೆ ಗದೆ, ಪತಾಕೆ, ತ್ರಿಶೂಲದ ದಪ್ಪ ರೂಪ, ಇಂಥವು ಭಕ್ತಿಗೂ ಒಪ್ಪುತ್ತವೆ, ಕೆಲಸಕ್ಕೂ ಬರುತ್ತವೆ. ಆದರೆ ದೇವರ ಮುಖವನ್ನು ಬೆನ್ನಿಗೆ ಹಾಕಿಸುವುದಕ್ಕೆ ಹಿರಿಯರಲ್ಲಿ ಅನೇಕರ ಒಪ್ಪಿಗೆ ಇರುವುದಿಲ್ಲ, ಅದನ್ನೂ ಗಮನದಲ್ಲಿಡಬೇಕು.

ಬೆನ್ನಿನ ವಿಷಯ ಬಂದುದರಿಂದ ಹೇಳುತ್ತೇನೆ. ಯಾತ್ರಿಕನ ಬೆನ್ನ ಮೇಲೆ ಚೀಲವಿರುತ್ತದೆ. ಶ್ರಾವಣ, ಆಷಾಢಗಳಲ್ಲಿ ಚೀಲದ ಮೇಲೆ ಪ್ಲಾಸ್ಟಿಕ್ ಹಾಳೆ ಅಥವಾ ಮಳೆಯಂಗಿ ಇರುತ್ತದೆ. ಒಂದು ತಂಡದವರು ಬಹಳ ಖರ್ಚು ಮಾಡಿ ಬೆನ್ನಿಗೆ ಅಚ್ಚು ಹಾಕಿಸಿದ್ದರು. ಹೊರಡುವ ದಿನ ಎಲ್ಲರೂ ಚೀಲ ಏರಿಸಿಕೊಂಡಾಗ ಒಂದು ಅಂಗಿಯ ಚಿತ್ರವೂ ಹೊರಗೆ ಕಾಣುತ್ತಿರಲಿಲ್ಲ. ಆದಕಾರಣ ತೋಳು, ಹೆಗಲು, ಅಂಗಿಯ ಕೆಳ ಅಂಚು ಇಲ್ಲಿ ಪಟ್ಟಿಗಳಿರಲಿ. ಎದೆಯ ಕಡೆಗೂ ಇರಲಿ, ಏಕೆಂದರೆ ಎದುರಿನಿಂದಲೂ ವಾಹನ ಬರುತ್ತದೆ. ಚೀಲಕ್ಕೂ ಮಳೆಯಂಗಿಗೂ ಒಂದೊಂದು ತುಂಡು ಅಂಟಿಸಿರಿ ಅಥವಾ ಹೊಲಿಸಿರಿ. ಪ್ಲಾಸ್ಟಿಕ್ಕಿನ ಮೇಲೆ ಹೀಟ್ ಪ್ರೆಸ್ ನಡೆಯುವುದಿಲ್ಲವೆಂಬುದು ನೆನಪಿರಲಿ.

ಮಳೆಯ ಇನ್ನೊಂದು ತೊಂದರೆಯೂ ಉಂಟು. ಹೊರಗೆ ತೆರೆದಿರುವ ಮಣಿಗಳ ಮೇಲೆ ನೀರಿನ ಪದರ ನಿಂತಾಗ ಬೆಳಕು ಮಣಿಯ ಬೆನ್ನಿನ ಮೇಲೆ ಸರಿಯಾಗಿ ಕೂಡುವುದಿಲ್ಲ. ಹೊಳಪು ಬಹಳ ಕುಗ್ಗುತ್ತದೆ. ತ್ರ್ಯಂಬಕದ ಶ್ರಾವಣದ ಮಳೆಯಲ್ಲಿ ಪ್ರದಕ್ಷಿಣೆ ಮಾಡುವವರು ಅಚ್ಚಿನ ಅಂಗಿಯೊಂದನ್ನೇ ನಂಬಬಾರದು. ಮಣಿಗಳ ಬದಲು ಸಣ್ಣ ಪಟ್ಟಕಗಳನ್ನು ಪಾರದರ್ಶಕ ಪೊರೆಯೊಳಗೆ ಮುಚ್ಚಿರುವ ಹೊಲಿಯುವ ಪಟ್ಟಿಗಳು ಮಳೆಯಲ್ಲಿಯೂ ಚೆನ್ನಾಗಿ ಕೆಲಸ ಮಾಡುತ್ತವೆ.

ಸ್ವೀಡನ್ನಿನ ಮನೋವಿಜ್ಞಾನಿ ಗುನ್ನಾರ್ ಯೊಹಾನ್ಸನ್ ಅವರು 1973ರಲ್ಲಿ ಪ್ರಕಟಿಸಿದ ಪ್ರಯೋಗಗಳ ಫಲವನ್ನು ಇಲ್ಲಿ ನೆನೆಯಬೇಕು. ಕತ್ತಲಲ್ಲಿ ಒಬ್ಬ ವ್ಯಕ್ತಿಯ ಮೊಣಕೈ, ಮಣಿಕಟ್ಟು, ಮೊಣಕಾಲು, ಕಾಲಿನ ಗಂಟು ಮೊದಲಾದ ಕೀಲುಗಳಲ್ಲಿ ಮಾತ್ರ ಬೆಳಕಿನ ಚುಕ್ಕೆಗಳನ್ನಿಟ್ಟಾಗ, ಆತ ನಿಂತಿರುವಾಗ ನೋಡುವವರಿಗೆ ಏನೂ ಅರ್ಥವಾಗುವುದಿಲ್ಲ. ನಡೆಯತೊಡಗಿದೊಡನೆ ಅದು ಮನುಷ್ಯನೆಂದು ಕ್ಷಣಮಾತ್ರದಲ್ಲಿ ತಿಳಿಯುತ್ತದೆ. ಎದೆಯ ಮೇಲಿನ ಒಂದು ಹೊಳೆಯುವ ಚೌಕವನ್ನು ಚಾಲಕನು ಮೈಲಿಗಲ್ಲೆಂದೋ ನಿಂತ ಬೈಸಿಕಲ್ಲೆಂದೋ ಭಾವಿಸಬಹುದು. ನಡಿಗೆಯೊಡನೆ ಆಡುವ ಎರಡು ಚುಕ್ಕೆಗಳನ್ನು ಹಾಗೆ ಭಾವಿಸಲು ಬಾರದು. ಕತ್ತರಿಸಿ ಉಳಿದ ಹಾಳೆಯ ತುಂಡುಗಳಿಂದಲೇ ಮಣಿಕಟ್ಟಿಗೂ ಕಾಲಿನ ಗಂಟಿಗೂ ಕಟ್ಟುವ ಬಟ್ಟೆಯ ಪಟ್ಟಿಗಳನ್ನು ಮುದ್ರಕರು ಮಾಡಿಕೊಡಬಹುದು. ಗೆಜ್ಜೆ ಕಟ್ಟಿ ಕುಣಿಯುವ ನಾಡಿನವರಿಗೆ ಕಾಲಿಗೆ ಇನ್ನೊಂದು ಪಟ್ಟಿ ಕಟ್ಟಿಕೊಳ್ಳುವುದು ಹೊಸದೇನಲ್ಲ.

ಈ ಅಂಗಿಗಳನ್ನು ಸುರಕ್ಷಾ ಉಡುಪೆಂದು ಮಾರುವುದಾಗಲಿ, ರಸ್ತೆ ಕಾಮಗಾರಿಯ ಕೂಲಿಗಳಿಗೆ, ರಾತ್ರಿ ಪಾಳಿಯ ಕಾರ್ಮಿಕರಿಗೆ ಅದರ ಬದಲು ಕೊಡುವುದಾಗಲಿ ಸರ್ವಥಾ ಸಲ್ಲದು. ಹೆಚ್ಚು ಗೋಚರವಾಗುವ ಎಚ್ಚರಿಕೆಯ ಉಡುಪುಗಳಿಗೆ ಭಾರತೀಯ ಮಾನಕ ಬ್ಯೂರೋದ ಐ.ಎಸ್. 15809 ಎಂಬ ಮಾನಕವಿದೆ. ಅಂತರರಾಷ್ಟ್ರೀಯ ಮಾನಕವಾದ ಐ.ಎಸ್.ಓ. 20471ರಲ್ಲಿ ಪಟ್ಟಿಯ ಅಗಲ 50 ಮಿಲಿಮೀಟರಿಗೆ ಕಡಿಮೆಯಿರಬಾರದೆಂದೂ, ಎರಡನೆಯ ದರ್ಜೆಯ ಉಡುಪಿನಲ್ಲಿ ಬೆಳಕು ಮರಳಿಸುವ ಭಾಗ 0.13 ಚದರ ಮೀಟರಿಗೆ ಕಡಿಮೆಯಿರಬಾರದೆಂದೂ ವಿಧಿಸಲಾಗಿದೆ. ಒಗೆದ ಬಳಿಕ, ಮಡಿಸಿ ತಿಕ್ಕಿದ ಬಳಿಕ, ಮಳೆಯಲ್ಲಿ, ಎಷ್ಟು ಹೊಳಪು ಉಳಿಯಬೇಕೆಂಬುದಕ್ಕೂ ಪರೀಕ್ಷೆಗಳಿವೆ. ತಂಡದ ಅಂಗಿಯ ಚಿತ್ರ ಈ ಪರೀಕ್ಷೆಗಳಿಗೆ ಒಳಪಟ್ಟದ್ದಲ್ಲ. ಗುತ್ತಿಗೆದಾರರು ಅಗ್ಗವೆಂದು ಇಂಥ ಅಂಗಿಗಳನ್ನು ಕೇಳಿಕೊಂಡು ಬಂದಾಗ ಮುದ್ರಕರು ಇಲ್ಲವೆನ್ನಬೇಕು. ಒಂದು ಬೇಡಿಕೆ ಕೈತಪ್ಪಿದರೂ ಚಿಂತೆಯಿಲ್ಲ.

ಅಂಗಿಯನ್ನು ಕೊಂಡವರೂ ಕೆಲವು ಸಂಗತಿ ತಿಳಿದಿರಬೇಕು. ಒಳಮಗ್ಗುಲು ಹೊರಗೆ ಮಾಡಿ ತಣ್ಣೀರಿನಲ್ಲಿ ಒಗೆಯಿರಿ. ಬ್ಲೀಚಿಂಗ್ ಪುಡಿ ಬೇಡ. ಕಲ್ಲಿನ ಮೇಲೆ ಬಡಿದರೆ ಮಣಿಗಳು ಉದುರುತ್ತವೆ. ಬ್ರಷ್ಷಿನಿಂದ ತಿಕ್ಕಿದರೂ ಅಷ್ಟೇ. ಇಸ್ತ್ರಿಪೆಟ್ಟಿಗೆ ನೇರವಾಗಿ ಚಿತ್ರದ ಮೇಲೆ ಬರಕೂಡದು. ಹೋದ ವರ್ಷದ ಅಂಗಿಯನ್ನು ಈ ವರ್ಷ ತೊಡುವ ಮುನ್ನ ಮತ್ತೊಮ್ಮೆ ಬ್ಯಾಟರಿ ಬಿಟ್ಟು ನೋಡಿರಿ. ಹಗಲಿಗೆ ಹೊಸದರಂತೆ ಕಾಣುವ ಅಚ್ಚು ರಾತ್ರಿಗೆ ಸತ್ತಿರಬಹುದು.

ಹೀಟ್ ಪ್ರೆಸ್ಸು, ಪ್ಲಾಟರು ಕೊಳ್ಳಲು ಬಂಡವಾಳವಿಲ್ಲದ ಸಣ್ಣ ಮುದ್ರಕರು 2015ರಲ್ಲಿ ಆರಂಭವಾದ ಪ್ರಧಾನ ಮಂತ್ರಿ ಮುದ್ರಾ ಯೋಜನೆಯಡಿ ಬ್ಯಾಂಕುಗಳನ್ನು ಕೇಳಬಹುದು. ಶಿಶು ವರ್ಗದಲ್ಲಿ 50,000 ರೂಪಾಯಿಗಳವರೆಗೆ, ಕಿಶೋರ ವರ್ಗದಲ್ಲಿ ಅದಕ್ಕೆ ಮೇಲ್ಪಟ್ಟು 5 ಲಕ್ಷ ರೂಪಾಯಿಗಳವರೆಗೆ ಸಾಲಕ್ಕೆ ಅವಕಾಶವಿದೆ. ನಾಶಿಕ, ತ್ರ್ಯಂಬಕೇಶ್ವರಗಳಲ್ಲಿ 2015ರಲ್ಲಿ ನಡೆದ ಸಿಂಹಸ್ಥ ಕುಂಭಮೇಳದ ನಂತರದ ಪರ್ವ 2026-27ರದು. ಆ ಜನಸಾಗರದಲ್ಲಿ ಎಷ್ಟು ಸಾವಿರ ತಂಡಗಳ ಅಂಗಿಗಳು ಅಚ್ಚಾಗುತ್ತವೆಂದು ಹೇಳುವವರಾರು! ಆ ಅಂಗಿಗಳಲ್ಲಿ ಎಷ್ಟಕ್ಕೆ ತೋಳಿನ ಪಟ್ಟಿ ಸೇರೀತೆಂಬುದು ಬೇಡಿಕೆ ಕೊಡುವಾಗ ತಂಡದ ಮುಖ್ಯಸ್ಥರು ಆಡುವ ಒಂದು ಮಾತಿನ ಮೇಲೆ ನಿಂತಿದೆ. ಯಾತ್ರೆಗೆ ಎರಡು ದಿನ ಇರುವಾಗ ಹೋದರೆ ಮುದ್ರಕರು ಕೈಯಲ್ಲಿದ್ದ ಬೆಳ್ಳಿಶಾಯಿಯಲ್ಲೇ ಮುಗಿಸಿಕೊಡುತ್ತಾರೆ. ಒಂದು ತಿಂಗಳು ಮೊದಲೇ ಹೋಗಿರಿ; ಹೋಗುವಾಗ ಜೇಬಿನಲ್ಲಿ ಒಂದು ಬ್ಯಾಟರಿ ಇರಲಿ.